ಮೊದಲು ಬ್ಯಾಗ್, ಆಮೇಲೆ ಬೀಜ: ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ನನ್ನ ಅನುಭವ

ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ವಿಡಿಯೋ ಗೇಮ್‌ನಲ್ಲಿ ಸ್ಪ್ರಿಂಗ್ ಋತುವಿನ 25ನೇ ದಿನಕ್ಕೆ ಬ್ಯಾಗಿನಲ್ಲಿ 36 ಸ್ಲಾಟ್ (ಸಾಮಾನು ಇಡುವ ಖಾನೆ). ಅದೂ ಮೊದಲ ವರ್ಷದಲ್ಲೇ, ಆಟ ಬದಲಿಸುವ ಯಾವ ಮಾಡ್ ಕೂಡ ಹಾಕದೆ. ಇದು ಆಗಲ್ಲ ಅಂದವರು ನಮ್ಮ ಮಂಡ್ಯದ ಗುಂಪಿನಲ್ಲೇ ಇದ್ದರು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೆಚ್ಚಿನವರು ಗದ್ದೆ ಇರುವ ಮನೆಯವರು. ಆಟ ಶುರುವಾದ ಕೂಡಲೇ ಕೈ ಬೀಜದ ಕಡೆಗೇ ಹೋಗುತ್ತದೆ. ಕೈಲಿರುವ 500 ಗೋಲ್ಡ್ ಪೂರ್ತಿ ಆಲೂಗಡ್ಡೆಗೆ ಸುರಿಯುತ್ತಾರೆ. ಬ್ಯಾಗ್ ಮೊದಲು ತಗೊಳ್ಳೋಣ ಅಂದರೆ, "ಬ್ಯಾಗ್ ಏನು ಹೊಲದಲ್ಲಿ ಬೆಳೀತದೇನ್ಲಾ?" ಎಂದು ಪಾಂಡವಪುರದ ಗೆಳೆಯ ಎಲ್ಲರ ಮುಂದೆ ಕೇಳಿದ್ದ.

ಆಲೂಗಡ್ಡೆ ದಾರಿಯನ್ನು ನಾನೂ ಹಿಡಿದು ನೋಡಿದ್ದೇನೆ. ಬೀಜ 50, ಆರು ದಿನ ಕಾದರೆ 80. ಲಾಭ ಇದೆ, ಇಲ್ಲ ಅನ್ನಲ್ಲ. ಆದರೆ ಬಂದ ದುಡ್ಡು ಮತ್ತೆ ಮಣ್ಣಿಗೇ ಹೋಗುತ್ತದೆ. 24 ಸ್ಲಾಟ್‌ನ ಬ್ಯಾಗಿಗೆ ಬೇಕಾದ 2,000 ಒಟ್ಟಿಗೆ ಕೈಯಲ್ಲಿ ನಿಲ್ಲುವುದೇ ಇಲ್ಲ. ಅಷ್ಟರಲ್ಲಿ ಸ್ಪ್ರಿಂಗ್ 5ಕ್ಕೆ ಗಣಿ ತೆರೆದಿರುತ್ತದೆ. ಶುರುವಿನ ಬ್ಯಾಗಿನ 12 ಸ್ಲಾಟ್‌ನಲ್ಲಿ ಕೊಡಲಿ, ಗುದ್ದಲಿ, ಪಿಕಾಸಿ, ಕುಡುಗೋಲು, ನೀರಿನ ಕ್ಯಾನ್, ಗಾಳ, ಕತ್ತಿ. ಏಳು ಹೋಯಿತು. ಉಳಿದ ಐದರಲ್ಲಿ ಕಲ್ಲು, ಇದ್ದಿಲು, ತಾಮ್ರದ ಅದಿರು, ಜಿಯೋಡ್, ಕ್ವಾರ್ಟ್ಜ್ ತುಂಬಿದರೆ ಮುಗಿಯಿತು. ಅಮೆಥಿಸ್ಟ್ ರತ್ನ ಸಿಕ್ಕರೆ ಯಾವುದನ್ನು ಎಸೆಯೋದು? ಒಂದು ಅಮೆಥಿಸ್ಟ್‌ಗೆ 100 ಗೋಲ್ಡ್, ಅಕ್ವಾಮರೀನ್ ಆದರೆ 180. ಬ್ಯಾಗ್ ಇಲ್ಲದವನು ಅಲ್ಲಿ ಬಿಟ್ಟು ಬರುವುದನ್ನು ಕೂಡಿಸಿದರೆ ಬ್ಯಾಗಿನ ಬೆಲೆಯೇ ಹುಟ್ಟುತ್ತದೆ.

50 ತುಂಡು ಮರದಿಂದ ಮಾಡುವ ಒಂದು ಪೆಟ್ಟಿಗೆಯನ್ನು ಗಣಿ ಬಾಗಿಲಲ್ಲಿ ಇಟ್ಟರೆ ಸಾಕು ಅನ್ನುವವರಿದ್ದಾರೆ. ಇಡಿ, ನಾನೂ ಇಡುತ್ತೇನೆ. ಆದರೆ ಲಿಫ್ಟ್ ನಿಲ್ಲುವುದು ಐದು ಮಹಡಿಗೊಮ್ಮೆ. ನಡುವೆ ಬ್ಯಾಗ್ ತುಂಬಿದರೆ ಪೆಟ್ಟಿಗೆಯಿಂದ ಏನೂ ಉಪಯೋಗ ಇಲ್ಲ.

ನನ್ನ ದಾರಿ ಮೀನು. ಮೊದಲ ದಿನ ಮೇಯರ್ ಕೊಡುವ 15 ಪಾರ್ಸ್‌ನಿಪ್ ಮಾತ್ರ ಹಾಕಿ. 500 ಗೋಲ್ಡ್ ಮುಟ್ಟಬೇಡಿ. 2ನೇ ದಿನ ಮೀನುಗಾರ ವಿಲ್ಲಿ ಗಾಳ ಕೊಡುತ್ತಾನೆ. ಅಲ್ಲಿಂದ ಮೂರು ದಿನ ಬರೀ ಗಾಳ. 3ನೇ ದಿನ ಬುಧವಾರ, ಬೀಜ, ಬ್ಯಾಗ್ ಮಾರುವ ಪಿಯರ್ ಅಂಗಡಿ ಬಾಗಿಲು ಹಾಕಿರುತ್ತದೆ, ಜೊತೆಗೆ ಮಳೆ. ನೀರು ಹಾಕುವ ಕೆಲಸವೇ ಇಲ್ಲ. ಶಕ್ತಿ ಪೂರ್ತಿ ಗಾಳಕ್ಕೆ ಹೋಗಲಿ. ಒಂದು ಎಸೆತಕ್ಕೆ 8ರ ಹಾಗೆ ದಿನದ 270 ಶಕ್ತಿಗೆ ಮೂವತ್ತು ಚಿಲ್ಲರೆ ಎಸೆತ ಸಿಗುತ್ತವೆ. ಬೆಟ್ಟದ ಕೆರೆಯಲ್ಲಿ ಲಾರ್ಜ್‌ಮೌತ್ ಬಾಸ್ ಸಿಕ್ಕರೆ 100 ಗೋಲ್ಡ್. ಎಲ್ಲಿ ನಿಂತು ಎಸೆದರೆ ಜಾಸ್ತಿ ಬೀಳುತ್ತದೆ ಅನ್ನುವುದನ್ನು ಮಾತ್ರ ಹೇಳಲ್ಲ, ನೀವೇ ಹುಡುಕಿಕೊಳ್ಳಿ. ಗಾಳಕ್ಕೆ ಸಿಕ್ಕುವ ಒಡೆದ ಕನ್ನಡಕ, ಒದ್ದೆ ಪೇಪರ್ ಎಲ್ಲ ಒಂದೊಂದು ಸ್ಲಾಟ್ ತಿನ್ನುತ್ತವೆ. ಆಗಾಗ ಎಸೆಯಿರಿ.

ಮೀನಿನಿಂದ ನನಗೆ ಸಾವಿರದ ಮೇಲೆ ಸ್ವಲ್ಪ ಬಂತು. 5ನೇ ದಿನ ಪಾರ್ಸ್‌ನಿಪ್ ಕಿತ್ತು, ಕಮ್ಯುನಿಟಿ ಸೆಂಟರ್‌ಗೆ ಕೊಡಬೇಕಾದ ವಸ್ತುಗಳ ಬಂಡಲ್‌ಗೆ ಒಂದು ಎತ್ತಿಟ್ಟು, ಉಳಿದದ್ದನ್ನು ಪಿಯರ್‌ಗೇ ಮಾರಿದರೆ 500ರ ಹತ್ತಿರ. ಉಳಿಸಿದ್ದ 500 ಸೇರಿಸಿದರೆ 2,000 ದಾಟುತ್ತದೆ. ಅದೇ ಕೌಂಟರ್‌ನಲ್ಲಿ ಬ್ಯಾಗ್ ತಗೊಂಡು, 24 ಸ್ಲಾಟ್ ಜೊತೆ ನೇರ ಗಣಿಗೆ ಹೋಗಿ.

ಇಲ್ಲೇ ದೊಡ್ಡ ವಾದ ಎದ್ದಿದ್ದು. ಅದೇ 2,000ಕ್ಕೆ ಐದು ತಾಮ್ರದ ಗಟ್ಟಿ ಸೇರಿಸಿದರೆ ನೀರಿನ ಕ್ಯಾನ್ ಅಪ್‌ಗ್ರೇಡ್ ಆಗುತ್ತದೆ, ಅದೇ ಮೇಲು ಅಂತ ಮದ್ದೂರಿನವನೊಬ್ಬ ಪಟ್ಟು ಹಿಡಿದ. ಆದರೆ ಆ ತಾಮ್ರ ತರಲು ಗಣಿಗೆ ಇಳಿಯಬೇಕು, ಅಲ್ವಾ? ತಾಮ್ರ ತರಲೂ ಬ್ಯಾಗೇ ಬೇಕು.

ಹಾಗಾದರೆ ಹೊಲ ಖಾಲಿಯೇ? ಇಲ್ಲ. ಮರ ಕಡಿದು ಫೋರೇಜಿಂಗ್ (ಕಾಡಿನ ಮಾಲು ಕೂಡಿಸುವ ಕೌಶಲ) ಒಂದನೇ ಲೆವೆಲ್ ಆದ ಮೇಲೆ ದಾರಿಯಲ್ಲಿ ಸಿಗುವ ಹಾರ್ಸ್‌ರಾಡಿಶ್, ಡ್ಯಾಫೊಡಿಲ್, ಲೀಕ್, ಡ್ಯಾಂಡೆಲಿಯನ್ ಒಂದೊಂದು ಸೇರಿಸಿದರೆ 10 ಕಾಡು ಬೀಜ ಬರುತ್ತದೆ. ದುಡ್ಡಿಲ್ಲದ ಬಿತ್ತನೆ, ಮೇಲಾಗಿ ನಾಲ್ಕು ಸ್ಲಾಟ್ ಒಂದಾಗುತ್ತದೆ. ಇದನ್ನು ಕಂಡ ಮೇಲೆ ನನಗೆ ಹುಚ್ಚು ಹಿಡಿಯಿತು. ಏನೇನನ್ನು ಕೂಡಿಸಿ ಸ್ಲಾಟ್ ಬಿಡಿಸಬಹುದು ಅಂತ ಪಟ್ಟಿ ಮಾಡುತ್ತಾ ಕೂತೆ. ಏಕಾರ್ನ್, ಮೇಪಲ್ ಬೀಜ, ಪೈನ್ ಕಾಯಿ ಸೇರಿದರೆ ಫೀಲ್ಡ್ ಸ್ನ್ಯಾಕ್. ಮೂರು ಸ್ಲಾಟ್ ಒಂದಾಗಿ, ಗಣಿಯಲ್ಲಿ ತಿನ್ನಲೂ ಆಗುತ್ತದೆ. ಗುಣಮಟ್ಟ ತೋರಿಸುವ ಬೆಳ್ಳಿ ನಕ್ಷತ್ರ, ಚಿನ್ನದ ನಕ್ಷತ್ರದ ಮಾಲು ಬೇರೆ ಬೇರೆ ಸ್ಲಾಟ್ ಹಿಡಿಯುತ್ತದೆ. ಆದ್ದರಿಂದ ಒಂದೆರಡೇ ಇರುವ ಗುಣಮಟ್ಟದ್ದನ್ನು ಮೊದಲು ತಿಂದು ಖಾಲಿ ಮಾಡುತ್ತೇನೆ.

ಈಗ 36 ಸ್ಲಾಟ್‌ನ, 10,000ದ ಬ್ಯಾಗ್. 5ರಿಂದ 12ರವರೆಗೆ ಗಣಿ ಮತ್ತು ಮೀನು ಸೇರಿ ನನ್ನ ಕೈಲಿ ಸುಮಾರು 4,000 ಇತ್ತು. 13ರ ಎಗ್ ಫೆಸ್ಟಿವಲ್‌ನಲ್ಲಿ ಎಲ್ಲವನ್ನೂ ಸ್ಟ್ರಾಬೆರಿಗೆ ಹಾಕಿದೆ. ಬೀಜ 100ರ ಹಾಗೆ ನಲವತ್ತರ ಆಸುಪಾಸು. ಹಬ್ಬ ಮುಗಿಸಿ ಬರುವಾಗ ರಾತ್ರಿ 10 ಆಗಿರುತ್ತದೆ. ಅದಕ್ಕೇ ಅವತ್ತು ಬೆಳಿಗ್ಗೆಯೇ ನೆಲ ಅಗೆದು ನೀರು ಹಾಕಿಟ್ಟಿದ್ದೆ. ರಾತ್ರಿ ಬೀಜ ಇಟ್ಟರೆ ಸಾಕು, ಆ ದಿನ ಲೆಕ್ಕಕ್ಕೆ ಬರುತ್ತದೆ. ಮರುದಿನಕ್ಕೆ ಮುಂದೂಡಿದರೆ ಎರಡನೇ ಕೊಯ್ಲು 26ಕ್ಕೆ ಹೋಗುತ್ತದೆ.

21ಕ್ಕೆ ಮೊದಲ ಕೊಯ್ಲು, 25ಕ್ಕೆ ಎರಡನೆಯದು. ಹಣ್ಣಿಗೆ 120, ನಕ್ಷತ್ರ ಇದ್ದರೆ ಇನ್ನೂ ಜಾಸ್ತಿ. ಎರಡೂ ಸೇರಿ ಹತ್ತು ಸಾವಿರದ ಹತ್ತಿರ ಬಂತು, ಮೇಲಿನ ಚಿಲ್ಲರೆ ಗಣಿಯ ಕಲ್ಲಿನಿಂದ. 25 ಗುರುವಾರ. ಹಣ್ಣನ್ನು ಶಿಪ್ಪಿಂಗ್ ಪೆಟ್ಟಿಗೆಗೆ ಹಾಕಿ ರಾತ್ರಿ ಕಾಯದೆ ಪಿಯರ್‌ಗೇ ಕೊಟ್ಟು, ಅಲ್ಲೇ ಬ್ಯಾಗ್ ತಗೊಂಡೆ. ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಿದಾಗ ಪಾಂಡವಪುರದವನಿಂದ ಬಂದಿದ್ದು ಒಂದೇ ಸಾಲು: "ಬೆಳೀತು ಕಣ್ಲಾ."

ತಮ್ಮನ ಜೊತೆ ಕೋ-ಆಪ್‌ನಲ್ಲೂ (ಒಂದೇ ತೋಟದಲ್ಲಿ ಜೊತೆಯಾಗಿ ಆಡುವುದು) ಇದನ್ನೇ ಮಾಡಿದೆ. ಅಲ್ಲಿ ದುಡ್ಡು ಒಂದೇ ಕಡೆ ಇದ್ದರೂ ಬ್ಯಾಗ್ ಇಬ್ಬರಿಗೂ ಬೇರೆ ಬೇರೆ ಕೊಳ್ಳಬೇಕು. ಗಣಿಗೆ ಇಳಿಯುವವನಿಗೆ ಮೊದಲು, ಗಾಳ ಹಿಡಿದವನಿಗೆ ಆಮೇಲೆ. 24ರ ಬ್ಯಾಗ್ ಇಬ್ಬರಿಗೂ ಬೇಗ ಬಂತು. 36ರದ್ದು ಸ್ಪ್ರಿಂಗ್‌ನಲ್ಲಿ ಒಬ್ಬರಿಗೇ ಆಯಿತು. ತಮ್ಮನಿಗೆ ಸಮ್ಮರ್‌ನ ಬ್ಲೂಬೆರಿ ಬರುವವರೆಗೆ ಕಾಯಬೇಕಾಯಿತು.