ಮಂಗಳೂರಿನಲ್ಲಿ ಬಾಡಿಗೆ ಫ್ಲ್ಯಾಟ್: ಅಡ್ವಾನ್ಸ್ ಕೊಡುವ ಮೊದಲು ನೀರು, ಗೋಡೆ, ಮೀಟರ್ ನೋಡಿ

ಫ್ಲ್ಯಾಟ್ ಹುಡುಕುವವರು ಮೊದಲು ಕೇಳುವುದು "ತಿಂಗಳಿಗೆ ಎಷ್ಟು?" ಎಂದು. ಅದಕ್ಕೆ ಸಿಗುವ ಉತ್ತರ ನಿಮ್ಮ ಪೂರ್ತಿ ಖರ್ಚಲ್ಲ. ಬಾಡಿಗೆ ₹15,000, ಮೈಂಟೆನೆನ್ಸ್ ₹2,000 ಎಂದು ಹಿಡಿಯಿರಿ. 11 ತಿಂಗಳಿಗೆ ₹1,87,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್‌ನಿಂದ ಮುರಿದುಕೊಳ್ಳುವ ಇನ್ನೊಂದು ತಿಂಗಳ ಬಾಡಿಗೆ ಸೇರಿದರೆ ₹2,17,000. ಅಂದರೆ ತಿಂಗಳಿಗೆ ₹19,700ರ ಮೇಲಾಯಿತು, ಕರೆಂಟ್ ಬಿಲ್ ಬೇರೆ. ಬಾಡಿಗೆ ಏರದೆ ಮೂರು ವರ್ಷ ಇದ್ದರೆ ಅದೇ ಮನೆ ₹17,800ರ ಆಸುಪಾಸಿಗೆ ಬೀಳುತ್ತದೆ. ಹಾಗಾಗಿ ಬಾಡಿಗೆಯಲ್ಲಿ ಐನೂರು ರೂಪಾಯಿ ಚೌಕಾಸಿ ಮಾಡುವುದಕ್ಕಿಂತ ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ, ವರ್ಷಕ್ಕೆ ಎಷ್ಟು ಏರಿಸುತ್ತಾರೆ ಎಂಬುದನ್ನು ಮೊದಲೇ ಬರೆಸಿಕೊಳ್ಳುವುದು ಲಾಭ.

ದೇರಳಕಟ್ಟೆ, ಸುರತ್ಕಲ್ ಕಡೆ ಕಾಲೇಜು ಪ್ರವೇಶದ ತಿಂಗಳುಗಳಲ್ಲಿ ಖಾಲಿ ಮನೆ ಸಿಗುವುದು ಕಷ್ಟ. ಕದ್ರಿ, ಫಳ್ನೀರ್, ಬೆಂದೂರ್‌ವೆಲ್‌ನಲ್ಲಿ ಬಜೆಟ್ ಸಾಲದಿದ್ದರೆ ಶಕ್ತಿನಗರ, ಕುಲಶೇಖರ, ಕಾವೂರು ನೋಡಿ. ಬಸ್ ಸ್ಟಾಪಿಗೆ ನಡೆದೇ ಹೋಗಿ ನೋಡಿ. ಇಲ್ಲಿನ ಏರುಗಳು ಫೋಟೋದಲ್ಲಿ ಕಾಣುವುದಿಲ್ಲ.

ಇನ್ನು ನೀರು. ಪಾಲಿಕೆಯ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2016, 2019, 2023ರ ಬೇಸಿಗೆಗಳಲ್ಲಿ ಅಲ್ಲಿ ಮಟ್ಟ ಇಳಿದು ನಗರಕ್ಕೆ ರೇಷನಿಂಗ್ ಬಂತು. ಅಂಥ ಹೊತ್ತಿನಲ್ಲಿ ಕಾಂಪೌಂಡಿನೊಳಗೆ ಬತ್ತದ ಬಾವಿ ಇರುವ ಹಳೆಯ ಕಟ್ಟಡ, ಹೊಸ ಎತ್ತರದ ಕಟ್ಟಡಕ್ಕಿಂತ ಎಷ್ಟೋ ಮೇಲು. ಓನರ್‌ರನ್ನಲ್ಲ, ವಾಚ್‌ಮ್ಯಾನ್‌ರನ್ನು ಕೇಳಿ: "ಏಪ್ರಿಲ್, ಮೇಯಲ್ಲಿ ಟ್ಯಾಂಕರ್ ತರಿಸ್ತೀರಾ? ದಿನಕ್ಕೆ ಎಷ್ಟು?" ಟ್ಯಾಂಕರ್ ಹಣ ಮೈಂಟೆನೆನ್ಸ್‌ನೊಳಗೆ ಬರುತ್ತದೆಯೋ, ಫ್ಲ್ಯಾಟಿಗೆ ಇಷ್ಟೆಂದು ಬೇರೆ ಹಂಚುತ್ತಾರೋ ಎಂದೂ ಕೇಳಿ. ಬೋರ್‌ವೆಲ್ ಇದ್ದರೆ ಆ ನೀರನ್ನು ಬಾಯಿಗೆ ಹಾಕಿ ನೋಡಿ. ಸಮುದ್ರದ ಹತ್ತಿರ ಅದು ಉಪ್ಪಾಗಿರಬಹುದು. ಗೀಸರ್, ನಲ್ಲಿ ಬೇಗ ಹಾಳಾಗುವುದು ಅದರಿಂದಲೇ. ಟೆರೇಸಿನ ಟ್ಯಾಂಕಿಗೂ ಕೊನೆಯ ಮಹಡಿಗೂ ಎತ್ತರದ ಅಂತರ ಕಡಿಮೆ, ಪ್ರೆಷರ್ ಸಾಲುವುದಿಲ್ಲ. ಬಕೆಟ್ ಇಟ್ಟು ನಲ್ಲಿ ತಿರುಗಿಸಿ. 20 ಲೀಟರ್ ತುಂಬಲು ನಾಲ್ಕು ನಿಮಿಷ ಬೇಕಾದರೆ ಷವರ್ ಕೆಳಗೆ ನಿಂತು ಪ್ರಯೋಜನವಿಲ್ಲ.

ಮಳೆಗಾಲದ ಗುರುತು ಗೋಡೆಯಲ್ಲಿರುತ್ತದೆ. ಗಾಳಿಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆಯ ರೂಮಿನ ವಾರ್ಡ್‌ರೋಬ್ ಬಾಗಿಲು ತೆರೆದು ಒಳಗೆ ಮೂಗು ಹಾಕಿ. ಬೂಷ್ಟಿನ ವಾಸನೆ ಬಂದರೆ ಹಿಂದಿನ ಗೋಡೆ ಒದ್ದೆ. ಬಟ್ಟೆ, ಸರ್ಟಿಫಿಕೇಟು ಎರಡೂ ಕೆಡುತ್ತವೆ. ಕಿಟಕಿಯ ಕೆಳಮೂಲೆ, ಬಾತ್‌ರೂಮಿನ ಸೀಲಿಂಗ್, ಬೀಮ್ ಗೋಡೆಗೆ ಸೇರುವ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿದೆಯೇ ನೋಡಿ. ಒಂದೇ ಗೋಡೆಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ದರೆ ಯಾಕೆಂದು ಕೇಳಲೇಬೇಕು. ಕೊಟ್ಟಾರ ಚೌಕಿಯಂಥ ತಗ್ಗಿನ ಕಡೆಗಳಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಬೇಡ, ನೀರು ನುಗ್ಗುತ್ತದೆ.

ಫ್ಲ್ಯಾಟಿನ ಎಲ್ಲ ಸ್ವಿಚ್, ಫ್ರಿಜ್ ಪ್ಲಗ್ ಸಮೇತ ಆಫ್ ಮಾಡಿಸಿ ಮೀಟರಿನ ಮುಂದೆ ಎರಡು ನಿಮಿಷ ನಿಲ್ಲಿ. ಕೆಂಪು ದೀಪ ಮಿಣುಕುತ್ತಲೇ ಇದ್ದರೆ ಬೇರೆ ಯಾವುದೋ ಲೈನು, ಉದಾಹರಣೆಗೆ ಕಾರಿಡಾರ್ ಲೈಟ್, ನಿಮ್ಮ ಮೀಟರಿಗೆ ಸೇರಿರಬಹುದು. ಕಳೆದ ಮೆಸ್ಕಾಂ ಬಿಲ್ ನೋಡಿ ಆರ್.ಆರ್. ನಂಬರ್ (ಆ ಕರೆಂಟ್ ಸಂಪರ್ಕದ ಸಂಖ್ಯೆ) ಬರೆದುಕೊಳ್ಳಿ, ಬಾಕಿ ಇದೆಯೇ ಪರೀಕ್ಷಿಸಿ. ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಹರು. ಆದರೆ ಆ ನಂಬರಿಗೆ ಹಿಂದಿನವರ ಆಧಾರ್ ಜೋಡಣೆ ಆಗಿದ್ದರೆ ಅದನ್ನು ತೆಗೆಸದೆ ನಿಮ್ಮದು ಸೇರುವುದಿಲ್ಲ. ಕೀಲಿ ಪಡೆಯುವ ಮೊದಲೇ ಈ ಕೆಲಸ ಮುಗಿಸಿ.

ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳ ಅಗ್ರಿಮೆಂಟ್ ವಾಡಿಕೆ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ, ಮೊತ್ತ ಕರಾರಿನಲ್ಲಿರಲಿ. ಮನೆ ಬಿಟ್ಟ ಎಷ್ಟು ದಿನದಲ್ಲಿ ಅದು ವಾಪಸ್, ನೋಟಿಸ್ ಎಷ್ಟು ತಿಂಗಳು, ಮೋಟರ್, ಗೀಸರ್ ರಿಪೇರಿ ಯಾರದ್ದು ಎಂಬುದೂ ಇರಲಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ (ಸಂಬಳದ ಮನೆ ಬಾಡಿಗೆ ಭತ್ಯೆ) ಮೇಲೆ ತೆರಿಗೆ ವಿನಾಯಿತಿ ಪಡೆಯಲು ಓನರ್‌ರ ಪ್ಯಾನ್ ಬೇಕು, ಸಹಿ ಹಾಕುವ ದಿನವೇ ಕೇಳಿ. ಮೀನು ಮಾಡುವ ಮನೆಯವರಾದರೆ ಅದನ್ನೂ ಮೊದಲೇ ಬಾಯಿಬಿಟ್ಟು ಹೇಳಿ. ಆಮೇಲಿನ ಮನಸ್ತಾಪ ಇಬ್ಬರಿಗೂ ಬೇಡ. ಸಾಮಾನು ಇಳಿಸುವ ಮೊದಲು ಪ್ರತಿ ಗೋಡೆ, ಟೈಲ್ಸ್, ಮೀಟರ್ ರೀಡಿಂಗಿನ ಫೋಟೋ ತೆಗೆದು ಅದೇ ದಿನ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ.