ಮಳೆಯ ಸೆಂಟು, ಡಾಲರ್ ಸೆಂಟು

ಕೊಡಗಿನಲ್ಲಿ ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳಿದರೆ ಬೆಳೆಗಾರರಿಗೆ ಸಮಾಧಾನ ಆಗುವುದಿಲ್ಲ. ಇಂಚು, ಸೆಂಟು ಎಂದೇ ಹೇಳಬೇಕು. ನೂರು ಸೆಂಟಿಗೆ ಒಂದು ಇಂಚು. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಗೋಣಿಕೊಪ್ಪದಲ್ಲಿ ಯಾರು ಸಿಕ್ಕರೂ ಮೊದಲ ಮಾತು ‘ನಿಮ್ಮಲ್ಲಿ ಎಷ್ಟು ಸೆಂಟು?’ ನಾನು ಬರೆಯುವ ಬ್ಲಾಕ್‌ಚೈನ್ (ಬರೆದದ್ದನ್ನು ಹಲವು ಕಂಪ್ಯೂಟರ್‌ಗಳಲ್ಲಿ ಸರಪಳಿಯಂತೆ ಜೋಡಿಸಿ ಇಡುವ ದಾಖಲೆ) ಜಾಲದಲ್ಲೂ ಸೆಂಟಿನ ಲೆಕ್ಕವೇ. ಅದು ಡಾಲರಿನ ಸೆಂಟು, ಅಷ್ಟೇ ವ್ಯತ್ಯಾಸ.

2018ರಲ್ಲಿ ಸ್ಟೀಮಿಟ್ ಎಂಬ ಬ್ಲಾಕ್‌ಚೈನ್ ಬರವಣಿಗೆ ತಾಣಕ್ಕೆ ಸೇರಿದೆ. ಅದು ಶುರುವಾಗಿ ಆಗಲೇ ಎರಡು ವರ್ಷ ಆಗಿತ್ತು. ಬರೆದರೆ ದುಡ್ಡು ಬರುತ್ತದೆ ಎಂದು ಕೇಳಿಯೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಪೋಸ್ಟ್‌ಗೆ ಬಿದ್ದ ವೋಟು ಏಳು ದಿನ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಹಣ ಖಾತೆಗೆ. ಆದರೆ ಎಲ್ಲರ ವೋಟಿಗೂ ಒಂದೇ ತೂಕ ಇಲ್ಲ. ಯಾರು ಆ ಜಾಲದ ಕ್ರಿಪ್ಟೋ ನಾಣ್ಯ ಹೆಚ್ಚು ಕೂಡಿಟ್ಟಿದ್ದಾರೋ ಅವರ ವೋಟಿಗೆ ಹೆಚ್ಚು ಬೆಲೆ. ಆಗ ಅಲ್ಲಿ ಕಮ್ಯುನಿಟಿ, ಅಂದರೆ ಒಂದು ವಿಷಯಕ್ಕೆಂದೇ ತೆರೆದ ಗುಂಪು, ಇರಲಿಲ್ಲ, ಟ್ಯಾಗ್ ಮಾತ್ರ. ಕಾಫಿ ಎಂಬ ಟ್ಯಾಗ್ ತೆರೆದರೆ ಕಪ್ಪಿನ ಫೋಟೋ, ಬೆಳಗಿನ ಶುಭಾಶಯ, ಮಗ್ಗಿನ ಜಾಹೀರಾತು. ಅದರ ನಡುವೆ ನನ್ನ ಕಾಂಡಕೊರಕ ಹುಳುವಿನ ಪೋಸ್ಟ್.

ಒಂದು ಸಲ ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಬಗ್ಗೆ ಬರೆದೆ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಇದು ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಟೈಪ್ ಮಾಡುವಾಗ ಒಂದು ಸೊನ್ನೆ ಬಿಟ್ಟು ಹೋಯಿತು. 10 ಲೀಟರ್ ಎಂದಾಯಿತು. ಆ ಪೋಸ್ಟ್‌ಗೆ ಯಾರೋ ದೊಡ್ಡ ಕುಳ ವೋಟು ಹಾಕಿದ. ‘ಒಳ್ಳೆ ಮಾಹಿತಿ ಸರ್’ ಎಂದು ಸಾಲು ಸಾಲು ಕಾಮೆಂಟು. ಒಬ್ಬರೂ ತಪ್ಪು ಹಿಡಿಯಲಿಲ್ಲ. ಹಿಡಿಯಲು ಅವರಲ್ಲಿ ಯಾರೂ ಗಿಡಕ್ಕೆ ಔಷಧಿ ಹೊಡೆದವರಲ್ಲ. ನನಗೂ ಗೊತ್ತಾಗಲಿಲ್ಲ. ದುಡ್ಡು ಬಂದ ಖುಷಿಯಲ್ಲಿ ಇದ್ದೆ.

2020ರ ಫೆಬ್ರವರಿಯಲ್ಲಿ ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಜಗಳವಾಗಿ ಮಾರ್ಚ್ 20ಕ್ಕೆ ಒಂದಷ್ಟು ಜನ ಬೇರೆಯಾಗಿ ಹೈವ್ ಎಂಬ ಹೊಸ ಸರಪಳಿ ಮಾಡಿಕೊಂಡರು. ನಾನೂ ಅವರ ಜೊತೆ ಹೋದೆ. ಐದು ದಿನಕ್ಕೆ ಇಲ್ಲಿ ಲಾಕ್‌ಡೌನ್. ಮನೆಯಲ್ಲಿ ಕೂತು ಮಾಡುವುದೇನು? 3 ಹೈವ್ ನಾಣ್ಯ ಕೊಟ್ಟು ಒಂದು ಕಮ್ಯುನಿಟಿ ತೆರೆದೆ. ಹೆಸರಲ್ಲಿ ಕೊಡಗು ಎಂದಿಟ್ಟೆ. ಅದೇ ತಪ್ಪಾದದ್ದು.

ಊರಿನ ಹೆಸರಿಟ್ಟರೆ ಊರಿನವರೆಲ್ಲ ಏನು ಬೇಕಾದರೂ ಹಾಕಬಹುದು, ಅಲ್ವಾ? ರಾಜಾಸೀಟಿನ ಸೆಲ್ಫಿ, ಅಬ್ಬಿ ಫಾಲ್ಸ್, ಪಂದಿಕರಿ, ಹೋಂಸ್ಟೇ ಬಾಡಿಗೆ. ಒಂದೂ ಕೆಟ್ಟದ್ದಲ್ಲ. ಆದರೆ ಮೆಣಸಿನ ಸೊರಗು ರೋಗದ ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡುವವರು ಆ ರಾಶಿಯಲ್ಲಿ ಪ್ರಶ್ನೆಯನ್ನೇ ನೋಡುತ್ತಿರಲಿಲ್ಲ. ಒಂದು ವರ್ಷಕ್ಕೆ ಅದು ಸುಮ್ನೆ ಫೋಟೋ ಆಲ್ಬಮ್ ಆಯಿತು.

ಮತ್ತೆ 3 ಹೈವ್ ಕೊಟ್ಟು ಇನ್ನೊಂದು ತೆರೆದೆ. ಈ ಸಲ ಕಾಫಿ ಮತ್ತು ಮೆಣಸಿನ ಬೇಸಾಯ ಮಾತ್ರ. ಊರು ಯಾವುದಾದರೂ ಸರಿ. ಕಪ್ಪಿನ ಫೋಟೋ ಬೇಡ ಎಂದು ನಿಯಮದಲ್ಲೇ ಬರೆದೆ. ಮೊದಲ ವಾರವೇ ನಮ್ಮ ಕಡೆಯ ಒಬ್ಬ ಹುಡುಗ ಪ್ರವಾಸದ ಚಿತ್ರ ಹಾಕಿದ. ಮ್ಯೂಟ್ ಮಾಡಿದೆ. ಫೋನ್ ಬಂತು.

‘ಅಣ್ಣಾ, ಬ್ಲಾಕ್‌ಚೈನ್‌ನಲ್ಲಿ ಯಾರೂ ಏನೂ ಅಳಿಸೋಕಾಗಲ್ಲ ಅಂತ ನೀವೇ ಹೇಳಿ ಸೇರಿಸಿದ್ರಲ್ಲಾ?’

ಅವನು ಕೇಳಿದ್ದು ಸರಿಯೇ. ನಾನು ಅಳಿಸಿರಲಿಲ್ಲ. ಪೋಸ್ಟ್ ಸರಪಳಿಯಲ್ಲಿ ಹಾಗೇ ಇರುತ್ತದೆ, ಅವನ ಪುಟದಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮ ಅಂಗಳದಲ್ಲಿ ಮಾತ್ರ ಕಾಣುವುದಿಲ್ಲ. ಕಮ್ಯುನಿಟಿ ಎಂದರೆ ಸರಪಳಿಯ ಮೇಲೆ ಕಟ್ಟಿದ ಒಂದು ಬೇಲಿ. ಬೇಲಿಗೆ ಕಾವಲು ಬೇಕು, ಆ ಕೆಲಸ ಯಾವ ಕಂಪ್ಯೂಟರ್ ಕೋಡೂ ಮಾಡುವುದಿಲ್ಲ. ದಿನಾ ಅರ್ಧ ಗಂಟೆ ನಾನೇ ಕೂರಬೇಕು. ಹುಡುಗ ಎರಡು ತಿಂಗಳು ಮಾತಾಡಲಿಲ್ಲ.

ಹಳೆಯ ಬೋರ್ಡೋ ಪೋಸ್ಟನ್ನು ಈ ಹೊಸ ಜಾಗದಲ್ಲಿ ಇನ್ನೊಮ್ಮೆ ಹಾಕಿದೆ, ಸೊನ್ನೆ ಇಲ್ಲದೆಯೇ. ಅರ್ಧ ಗಂಟೆಗೆ ವೆನೆಜುವೆಲಾದ ಒಬ್ಬ ಅರಬಿಕಾ ಬೆಳೆಗಾರ ಕೇಳಿದ: ‘10 ಲೀಟರಾ? ಗಿಡ ಸುಟ್ಟು ಹೋಗುವುದಿಲ್ಲವಾ?’ ಅವರಲ್ಲೂ ಎಲೆ ತುಕ್ಕಿಗೆ ಇದೇ ಔಷಧಿ. ತುಕ್ಕಿಗೆ ರೋಯಾ ಎನ್ನುತ್ತಾರೆ, ಕಾಯಿಕೊರಕಕ್ಕೆ ಬ್ರೋಕಾ. ಆ ಕೊರಕ ಭಾರತಕ್ಕೆ, ಗೂಡಲೂರಿಗೆ ಬಂದದ್ದು 1990ರಲ್ಲಿ. ಅವರ ಕಡೆ ಅದಕ್ಕೂ ಆಮೇಲೆ ಬಂದದ್ದು. ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುವ ಪರೀಕ್ಷೆ ಅವನಿಗೂ ಗೊತ್ತಿತ್ತು. ನಾಚಿಕೆಯಿಂದ ಎರಡೂ ಪೋಸ್ಟ್ ತಿದ್ದಿದೆ. ಆದರೂ ಹಳೆಯ ರೂಪ ಸರಪಳಿಯಲ್ಲಿ ಉಳಿದೇ ಇದೆ. ಹುಡುಕಿದವರಿಗೆ ಇಂದಿಗೂ ಸಿಗುತ್ತದೆ.

ಆ ಎರಡನೇ ಪೋಸ್ಟ್‌ಗೆ ಬಂದ ಹಣ ಸೊನ್ನೆ. ಹೈವ್‌ನಲ್ಲಿ ಒಟ್ಟು ಮೊತ್ತ ಎರಡು ಸೆಂಟು ದಾಟದಿದ್ದರೆ ಏನೂ ಕೊಡುವುದಿಲ್ಲ. ನಮ್ಮ ಸದಸ್ಯರೆಲ್ಲ ಬೆಳೆಗಾರರು, ಯಾರ ಬಳಿಯೂ ಹೇಳಿಕೊಳ್ಳುವಷ್ಟು ನಾಣ್ಯ ಇಲ್ಲ. ಹನ್ನೆರಡು ವೋಟು ಬಿದ್ದರೂ ಒಂದೂವರೆ ಸೆಂಟು. ದೊಡ್ಡ ಕುಳಗಳು ಕಾಫಿ ಗಿಡದ ರೆಂಬೆ ಸವರುವುದನ್ನು ಓದಲು ಬರುವುದಿಲ್ಲ. ಹಾಗಾಗಿ ಕಮ್ಯುನಿಟಿ ತೆರೆದರೆ ಆದಾಯ ಜಾಸ್ತಿ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನದು ಕಡಿಮೆಯೇ ಆಯಿತು. ಬಂದ ಚಿಲ್ಲರೆಯನ್ನು ಮಾರಲು ಹೋದರೆ 2022ರಿಂದ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಮಾರಿದ ಮೊತ್ತದಿಂದ ಮುಂಗಡವಾಗಿ ಹಿಡಿಯುವ ಒಂದು ಪರ್ಸೆಂಟ್ ಟಿಡಿಎಸ್. ವಿರಾಜಪೇಟೆಯ ನಮ್ಮ ಸಿಎ ಆ ಮೊತ್ತ ನೋಡಿ ನಕ್ಕರು.

ಹಾಗಾದರೆ ಯಾಕೆ ಇಟ್ಟುಕೊಂಡಿದ್ದೇನೆ? ಮಳೆಯಿಂದಾಗಿ. ಮೂರನೇ ವರ್ಷ ಒಬ್ಬರು ಹೂಮಳೆಯ ಲೆಕ್ಕ ಬರೆದರು. ಕೆಳಗೆ ಸಿದ್ದಾಪುರ, ಸುಂಟಿಕೊಪ್ಪ, ಬಾಳೆಲೆಯವರು ತಮ್ಮ ತಮ್ಮದು ಸೇರಿಸಿದರು. ಈಗ ಪ್ರತಿ ವರ್ಷ ಒಂದು ಪೋಸ್ಟ್ ಮೇಲೆ ಪಿನ್ ಮಾಡುತ್ತೇನೆ. ಹೂಮಳೆ ಯಾವ ದಿನ, ಎಷ್ಟು ಸೆಂಟು, ಹೂ ಕಾಯಿ ಕಟ್ಟಲು ಬೇಕಾದ ಆಮೇಲಿನ ಬ್ಯಾಕಿಂಗ್ ಮಳೆ ಯಾವಾಗ. ವಾಟ್ಸಾಪ್ ಗುಂಪಿನಲ್ಲೂ ಇದೆಲ್ಲ ಬರುತ್ತದೆ. ಫೋನ್ ಬದಲಿಸಿದರೆ ಹೋಯಿತು. ಇಲ್ಲಿ ಪ್ರತಿ ಸಾಲಿಗೂ ತಾರೀಕು ಅಂಟಿಕೊಂಡಿರುತ್ತದೆ. ‘ನಮ್ಮಲ್ಲಿ ಇಂಚು ದಾಟಿತ್ತು’ ಎಂದು ಆಮೇಲೆ ಏರಿಸಿ ಹೇಳುವುದಕ್ಕೆ ಆಗುವುದಿಲ್ಲ.

ಮೊನ್ನೆ ಪಕ್ಕದ ತೋಟದ ಅಣ್ಣ ಬಂದಿದ್ದರು. ಹೂ ಅರಳಿಸಲು ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿಯುವುದೋ ಹೂಮಳೆಗೆ ಇನ್ನೊಂದು ವಾರ ಕಾಯುವುದೋ ಎಂಬ ಯೋಚನೆ ಅವರಿಗೆ. ಲ್ಯಾಪ್‌ಟಾಪ್ ತೆರೆದು ನಾಲ್ಕು ವರ್ಷದ ಪೋಸ್ಟ್ ಒಂದರ ಪಕ್ಕ ಒಂದು ತೋರಿಸಿದೆ. ತುಂಬ ಹೊತ್ತು ನೋಡಿದರು.

‘ಇದಕ್ಕೆ ಎಷ್ಟು ಬಂತು ಮಾರಾಯ?’

ಒಂದು ಸೆಂಟೂ ಇಲ್ಲ ಎಂದೆ.

‘ಅಲ್ಲ, ಬಾಳೆಲೆಯಲ್ಲಿ ಎಷ್ಟು ಬಂತು?’