ರಾಗಿಗೆ ಬೇಕಿದ್ದದ್ದು ಸ್ವಲ್ಪ ದೂರ

ರಾಗಿ ಮನೆಗೆ ಬಂದಾಗ ಅವಳಿಗೆ ಸುಮಾರು ಏಳು ವಾರ. ನಮ್ಮ ಬೀದಿ ಕೊನೆಯಲ್ಲಿ ಮನೆ ಕಟ್ಟುತ್ತಿದ್ದರು, ಅಲ್ಲಿನ ಜಲ್ಲಿ ರಾಶಿಯ ಹಿಂದೆ ಸಿಕ್ಕಿದ ನಾಯಿಮರಿ. ಮೈ ರಾಗಿ ಕಾಳಿನ ಬಣ್ಣ, ಅದೇ ಹೆಸರಾಯಿತು.

ಲಸಿಕೆ ಪೂರ್ತಿ ಆಗುವವರೆಗೆ ಪಾರ್ಕಿನ ನೆಲಕ್ಕೆ ಇಳಿಸಬೇಡಿ ಎಂದು ಡಾಕ್ಟರ್ ಮೊದಲ ದಿನವೇ ಹೇಳಿದರು. ಪಾರ್ವೋ ಭಯ. ಕಾಯಿಲೆ ನಾಯಿಯ ಮಲದಿಂದ ಹರಡುವ ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. 6ರಿಂದ 8 ವಾರದೊಳಗೆ ಮೊದಲ ಚುಚ್ಚುಮದ್ದು, ಆಮೇಲೆ 3-4 ವಾರಕ್ಕೊಂದರಂತೆ 16 ವಾರದವರೆಗೆ. ಮೂರು ತಿಂಗಳಿಗೆ ರೇಬೀಸ್‌ದು. ಆದರೆ ಇನ್ನೊಂದು ಲೆಕ್ಕವೂ ಇದೆ. ಮರಿಗಳು ಹೊಸ ಸದ್ದು, ಹೊಸ ಜನ, ಹೊಸ ನಾಯಿಗಳನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಮೂರನೇ ವಾರದಿಂದ ಹೆಚ್ಚೆಂದರೆ 14ನೇ ವಾರದವರೆಗೆ. ಲಸಿಕೆ ಮುಗಿಯಲಿ ಅಂತ ಮನೆಯಲ್ಲೇ ಕೂತರೆ ಆ ಕಾಲ ಕಳೆದೇ ಹೋಗುತ್ತದೆ.

ಅದಕ್ಕೆ ಅಮ್ಮನ ಹಳೆ ಕಾಟನ್ ಸೀರೆಯಲ್ಲಿ ಜೋಳಿಗೆ ಕಟ್ಟಿ, ಅವಳನ್ನು ಅದರಲ್ಲಿ ಕೂರಿಸಿಕೊಂಡು ಕಬ್ಬನ್ ಪಾರ್ಕಿಗೆ ಹೋಗುತ್ತಿದ್ದೆ. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಬಿದಿರು ಮೆಳೆ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದೆವು. ಸೈಕಲ್ ಮಕ್ಕಳು, ಬಲೂನು ಮಾರುವವರು, ದೂರದಲ್ಲಿ ನಾಯಿಗಳು. ಒಂದೊಂದು ಕಂಡಾಗಲೂ ಅವಳಿಗೆ ಉಗುರಿನಷ್ಟು ಬೇಯಿಸಿದ ಕೋಳಿ ಚೂರು. ಮೊದಲ ದಿನ ಅವಳ ಎದೆ ಡವಡವ ಅನ್ನೋದು ನನ್ನ ಹೊಟ್ಟೆಗೆ ತಾಕುತ್ತಿತ್ತು. ನಾಲ್ಕನೇ ವಾರಕ್ಕೆ ಜೋಳಿಗೆಯಲ್ಲೇ ನಿದ್ದೆ ಹೋದಳು.

ಲಸಿಕೆ ಮುಗಿದು ಡಾಕ್ಟರ್ ಸರಿ ಅಂದ ಮೇಲೆ ನೆಲಕ್ಕೆ ಇಳಿಸಿದೆ. ಎರಡನೇ ದಿನವೇ ಪೆಟ್ಟು ಬಿತ್ತು. ಲೀಶ್ ಇಲ್ಲದ ದೊಡ್ಡ ನಾಯಿಯೊಂದು ನೇರವಾಗಿ ಓಡಿ ಬಂತು. ಹಿಂದಿನಿಂದ ಅದರ ಮಾಲೀಕರು "ಏನೂ ಮಾಡಲ್ಲ, ತುಂಬಾ ಫ್ರೆಂಡ್ಲಿ" ಅಂತ ಕೂಗಿದರು. ನಾನು ಗಾಬರಿಯಲ್ಲಿ ಲೀಶ್ ಬಿಗಿ ಹಿಡಿದುಬಿಟ್ಟೆ. ಓಡಿಹೋಗಲು ರಾಗಿಗೆ ದಾರಿಯೇ ಇರಲಿಲ್ಲ. ಬೆನ್ನಡಿ ಮಾಡಿ ಮಲಗಿದಳು, ಉಚ್ಚೆ ಹೋಯಿತು. ಆ ನಾಯಿ ಕಚ್ಚಲಿಲ್ಲ, ನಿಜ. ಆದರೆ ಮೈಮೇಲೆ ಬಿದ್ದದ್ದು ಆಟಕ್ಕೆ ಅಂತ ನಾಲ್ಕು ತಿಂಗಳ ಮರಿಗೆ ಹೇಗೆ ಗೊತ್ತಾಗಬೇಕು? ಎರಡು ವಾರ ದೊಡ್ಡ ನಾಯಿ ಕಂಡರೆ ಸಾಕು, ನೆಲಕ್ಕೆ ಅಂಟಿ ಕೂರುತ್ತಿದ್ದಳು.

ಮತ್ತೆ ಬಿದಿರು ಮೆಳೆ ಹತ್ತಿರದಿಂದಲೇ ಶುರು ಮಾಡಿದೆ. ಈ ಸಲ ನಾಯಿಗಳನ್ನಲ್ಲ, ರಾಗಿಯನ್ನೇ ನೋಡುತ್ತಿದ್ದೆ. ನಾಯಿ ನೋಡುತ್ತಲೇ ಕೋಳಿ ತಿಂದರೆ ಆ ದೂರ ಸರಿ. ಕೋಳಿ ಮೂಗಿನ ಕೆಳಗೇ ಹಿಡಿದರೂ ಬೇಡ ಅಂದರೆ ನಾವು ಜಾಸ್ತಿ ಹತ್ತಿರ ಬಂದಿದ್ದೇವೆ. ಸುಮ್ನೆ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಇವೆಲ್ಲ ಬಾಲ ಕಾಲ ಸಂದಿಗೆ ಹೋಗುವ ಮೊದಲೇ ಬರುವ ಸೂಚನೆಗಳು. ಕಂಡ ತಕ್ಷಣ ಹಿಂದೆ ಸರಿಯುತ್ತಿದ್ದೆ. ಮೊದಲು ಐವತ್ತು ಹೆಜ್ಜೆ ಬೇಕಿತ್ತು. ಹತ್ತು ದಿನಕ್ಕೆ ಇಪ್ಪತ್ತಾಯಿತು.

ಅಲ್ಲಿಗೆ ದಿನಾ ಬರುವ ಹಿರಿಯರೊಬ್ಬರ ಹತ್ತಿರ ಹನ್ನೊಂದು ವರ್ಷದ ಲ್ಯಾಬ್ರಡಾರ್ ಇದೆ. ನಿಧಾನದ, ಸಮಾಧಾನದ ನಾಯಿ. ಮೊದಲ ಭೇಟಿ ಇದರ ಜೊತೆಗೇ ಆಗಲಿ ಎಂದು ಅವರನ್ನು ಕೇಳಿಕೊಂಡೆ. ಎದುರುಬದುರು ನಿಲ್ಲಿಸಲಿಲ್ಲ. ಮಧ್ಯೆ ಕೈಗಾಡಿ ಹೋಗುವಷ್ಟು ಜಾಗ ಬಿಟ್ಟು, ಒಂದೇ ದಿಕ್ಕಿಗೆ ಹತ್ತು ನಿಮಿಷ ನಡೆದೆವು. ಆಮೇಲೆ ಬಳಸಿಕೊಂಡು ಹತ್ತಿರ ಹೋದೆವು. ನನ್ನ ಕೈಯಲ್ಲಿ ಲೀಶ್ ಜೋತಾಡುತ್ತಿತ್ತು. ಮುದುಕ ಲ್ಯಾಬ್ರಡಾರ್ ಮುಖ ಪಕ್ಕಕ್ಕೆ ತಿರುಗಿಸಿ ನಿಂತ. ರಾಗಿ ಕತ್ತು ಚಾಚಿ ಹಿಂಬದಿ ಮೂಸಿದಳು. ಒಂದು, ಎರಡು, ಮೂರು ಎಣಿಸಿ "ಬಾ ರಾಗಿ" ಅಂದೆ. ಬಂದಳು, ಕೋಳಿ ಸಿಕ್ಕಿತು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಮುಂಗಾಲು ಚಾಚಿ, ಹಿಂಭಾಗ ಮೇಲೆತ್ತಿ ಆಟಕ್ಕೆ ಕರೆದಳು! ಆ ಖುಷಿಯಲ್ಲೇ ಅವನ ಕಿವಿ ಕಚ್ಚಿದಳು. ಅವನು ಒಮ್ಮೆ ಗುರ್ ಅಂದ. ನಾನು ಎಳೆಯಲು ಹೊರಟೆ.

"ಬಿಡಮ್ಮಾ, ಅವನು ಪಾಠ ಹೇಳ್ತಿದ್ದಾನೆ" ಅಂದರು ಹಿರಿಯರು. ರಾಗಿ ಎರಡು ಹೆಜ್ಜೆ ಹಿಂದೆ ಸರಿದು, ಕೂತು, ಮತ್ತೆ ಮೆಲ್ಲಗೆ ಬಂದಳು. ಕಿವಿ ತಂಟೆಗೆ ಹೋಗಲಿಲ್ಲ.

ಪಾರ್ಕಿನ ಸುತ್ತಮುತ್ತಲಿನ ಬೀದಿ ನಾಯಿಗಳ ಮಾತು ಬೇರೆ. ಅದು ಅವುಗಳ ಜಾಗ. ಅವು ಗುಂಪಾಗಿ ಮಲಗಿರುವ ಕಡೆ ಮರಿ ಕರೆದುಕೊಂಡು ನಾನು ಹೋಗುವುದಿಲ್ಲ, ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತೇನೆ. ಕುಡಿಯಲು ಮನೆ ನೀರು, ಮನೆ ಬಟ್ಟಲು. ಹೇಲು ಎತ್ತಲು ಹಳೆ ಪೇಪರ್. ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬೆಲ್ಟ್ ಅಡಿಯಲ್ಲಿ ಉಣ್ಣಿ ಹುಡುಕುವುದನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಉಣ್ಣಿ ಜ್ವರ ನಾಯಿಯ ಜೀವವನ್ನೇ ತೆಗೆಯಬಹುದು.

ಈಗ ರಾಗಿಗೆ ಏಳು ತಿಂಗಳು. ಹೊಸ ನಾಯಿ ಕಂಡರೆ ಮೊದಲು ನಿಂತು ನೋಡುತ್ತಾಳೆ, ಆಮೇಲೆ ತಿರುಗಿ ನನ್ನ ಮುಖ ನೋಡುತ್ತಾಳೆ. "ಹೋಗೋಣ್ವಾ?" ಅಂದರೆ ಹೆಚ್ಚಿನ ದಿನ ಬಾಲ ಅಲ್ಲಾಡುತ್ತದೆ. ಅಲ್ಲಾಡದ ದಿನ ನಾವಿಬ್ಬರೂ ಬಿದಿರು ಮೆಳೆ ಕಡೆಗೆ ಹೊರಡುತ್ತೇವೆ.